ದೊಡ್ಡಪ್ಪನ ಪಕ್ಕ ಕೂರದ ಪೆಟ್ಟಿಗೆ

ಅನಾಹುತಗಳು ಸಾಮಾನ್ಯವಾಗಿ ಹೊರಗಿನಿಂದ ಬಂದು ಬಾಗಿಲು ಬಡಿಯುತ್ತವೆ. ಅಳತೆರಾಯರ ಪಾಲಿನ ಅನಾಹುತ ಮಾತ್ರ ಅವರ ಸ್ವಂತ ಬಾಯಿಯಿಂದಲೇ, ಕಟ್ಟಡದ ತಾರಸಿಯ ಮೇಲೆ, ಸಮಸ್ತ ನಿವಾಸಿಗಳ ಸಮ್ಮುಖದಲ್ಲಿ ಹೊರಬಿದ್ದಿತು. ಆಗಿನ್ನೂ ಅವರು ಅಳತೆರಾಯರಾಗಿರಲಿಲ್ಲ. ಮೂರನೇ ಮಹಡಿಯಲ್ಲಿ ಹೆಂಡತಿಯೊಡನೆ ವಾಸಿಸುವ, ಸಭೆಗಳಲ್ಲಿ ಕಟ್ಟಕಡೆಯ ಕುರ್ಚಿ ಹಿಡಿಯುವ, ಉಳಿದವರೆಲ್ಲ ಕೈ ಎತ್ತಿದ್ದನ್ನು ಖಚಿತಪಡಿಸಿಕೊಂಡು ತಮ್ಮದನ್ನೂ ಎತ್ತುವ ಒಬ್ಬ ಸರ್ಕಾರಿ ನೌಕರರಾಗಿದ್ದರು, ಅಷ್ಟೆ.

ಅಂದಿನ ಚರ್ಚೆಯ ವಿಷಯ, ಮೆಟ್ಟಿಲಿನ ಕಂಬಿಯ ಮೇಲೆ ಕೂರುವ ಧೂಳು. ಕಟ್ಟಡದ ಕಾರ್ಯದರ್ಶಿಗಳು ಕಂಬಿಯನ್ನು ಬೆರಳಿನಿಂದ ಸವರಿಕೊಂಡು ಬಂದು, ಆ ಬೆರಳನ್ನು ಕೊಲೆ ಮೊಕದ್ದಮೆಯ ಸಾಕ್ಷ್ಯದಂತೆ ಎತ್ತಿ ಹಿಡಿದಿದ್ದರು.

"ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಇಷ್ಟು! ನಾವೆಲ್ಲ ಉಸಿರಾಡ್ತಿರೋದು ಇದನ್ನೇ. ಯಾರಾದರೂ ತಿಳಿದವರು ಮಾತಾಡಿ ಸ್ವಾಮಿ."

ಅವರ ದೃಷ್ಟಿ ಒಬ್ಬೊಬ್ಬರ ಮುಖದ ಮೇಲೂ ಒಂದೊಂದು ಕ್ಷಣ ನಿಂತು, ಕೊನೆಯ ಸಾಲಿಗೆ ಬಂದಾಗ ಮಾತ್ರ ಅಲ್ಲಿ ಬರಿಯ ಕುರ್ಚಿಯಿದೆಯೆಂಬಂತೆ ನಿಲ್ಲದೆ ಹೋಯಿತು. ಮನುಷ್ಯನಿಗೆ ಬೈಗುಳವನ್ನಾದರೂ ಸಹಿಸಿಕೊಳ್ಳಬಹುದು; ಹೀಗೆ ದಾಟಿಹೋಗುವ ಕಣ್ಣನ್ನು ಸಹಿಸುವುದು ಕಷ್ಟ. ಅವರು ಎದ್ದು ನಿಂತೇಬಿಟ್ಟರು.

"ತಿಳಿದವರು ಇಲ್ಲೇ ಇದ್ದೀವಲ್ಲ. ನಾನು ಇರೋದೇ ವಾಯುಮಾಪನ ಇಲಾಖೆಯಲ್ಲಿ. ಗಾಳಿಯಲ್ಲಿ ಎಷ್ಟು ಧೂಳಿದೆ ಅಂತ ಒಂದು ಕಣ ಬಿಡದೆ ಎಣಿಸಿ ಹೇಳ್ತೀನಿ. ಸುಳ್ಳು ಹೇಳೋ ಯಂತ್ರವೇ ಅಲ್ಲ ನಮ್ಮದು."

ಸಭೆ ಹಿಂತಿರುಗಿ ನೋಡಿತು. "ಹಾಗಾದ್ರೆ ಅಳೆದುಬಿಡಿ ಅಳತೆರಾಯರೇ!" ಎಂದರು ಕಾರ್ಯದರ್ಶಿಗಳು. ಹೀಗೆ ನಾಮಕರಣವೂ ನೇಮಕಾತಿಯೂ ಒಂದೇ ಉಸಿರಿನಲ್ಲಿ ಮುಗಿದುಹೋದವು.

ಅಳತೆರಾಯರು ಹೇಳಿದ್ದರಲ್ಲಿ ಇಲಾಖೆಯ ಹೆಸರು ಮಾತ್ರ ಸತ್ಯವಾಗಿತ್ತು. ಅಲ್ಲಿ ಅವರ ಕೆಲಸವೆಂದರೆ ಬಂದ ಪೆಟ್ಟಿಗೆಗಳಿಗೆ ಅಂಕಿ ಅಂಟಿಸಿ, ಹೋಗಬೇಕಾದಲ್ಲಿಗೆ ಕಳುಹಿಸುವುದು. ಇತ್ತೀಚೆಗೆ ಬಂದಿದ್ದವು ಹನ್ನೆರಡು ಪುಟ್ಟ ಮಾಪಕಗಳು. ಒಂದೊಂದೂ ಊಟದ ಡಬ್ಬಿಯಷ್ಟೇ ದೊಡ್ಡದು. ಒಳಗೊಂದು ಚಿಕ್ಕ ಫ್ಯಾನು ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿಯಲ್ಲಿ ಒಂದು ಬೆಳಕಿನ ಎಳೆ ಹಾಯುತ್ತದೆ. ಕಣಗಳು ಅಡ್ಡ ಬಂದರೆ ಬೆಳಕು ಚದುರುತ್ತದೆ. ಚದುರಿದ ಬೆಳಕನ್ನು ಧೂಳೆಂದು ಲೆಕ್ಕ ಹಾಕಿ ಪೆಟ್ಟಿಗೆ ತನ್ನ ಮುಖದ ಮೇಲೆ ಕೆಂಪು ಅಂಕಿಯೊಂದನ್ನು ಮೂಡಿಸುತ್ತದೆ. ಅಗ್ಗದ ಸಾಮಾನು, ಆದ್ದರಿಂದ ಒಂದೊಂದಕ್ಕೆ ಒಂದೊಂದು ಸ್ವಭಾವ. ಒಂದು ಇರುವುದಕ್ಕಿಂತ ಹೆಚ್ಚು ಹೇಳಿದರೆ, ಇನ್ನೊಂದು ಕಡಿಮೆ ಹೇಳುತ್ತದೆ.

ಯಾವುದು ಎಷ್ಟು ತಪ್ಪು ಹೇಳುತ್ತದೆಂದು ತಿಳಿಯಲು ಇಲಾಖೆಯ ತಾರಸಿಯ ಮೇಲೆ ಬೀರುವಿನಷ್ಟು ಎತ್ತರದ ಹಳೆಯ ಯಂತ್ರವೊಂದಿತ್ತು. ಅದು ಗಾಳಿಯನ್ನು ಬಿಸಿ ಕೊಳವೆಯಲ್ಲಿ ಒಣಗಿಸಿ, ಧೂಳನ್ನು ಕಾಗದದ ಪಟ್ಟಿಯ ಮೇಲೆ ಹಿಡಿದು, ಗಂಟೆಗೊಂದೇ ಸಲ ಬಾಯಿ ಬಿಡುತ್ತಿತ್ತು. ಬಿಟ್ಟರೆ ಆ ಮಾತಿಗೆ ಎದುರಿಲ್ಲ. ಇಲಾಖೆಯವರು ಅದನ್ನು ದೊಡ್ಡಪ್ಪ ಎಂದು ಕರೆಯುತ್ತಿದ್ದರು. ಪುಟ್ಟ ಪೆಟ್ಟಿಗೆಗಳು ದೊಡ್ಡಪ್ಪನ ಪಕ್ಕದಲ್ಲಿ ಮೂರು ವಾರ ಕೂತು, ಅದೇ ಗಾಳಿಯನ್ನು ಉಸಿರಾಡಬೇಕು. ಇಬ್ಬರ ಮಾತನ್ನೂ ಹೋಲಿಸಿ ಪ್ರತಿ ಪೆಟ್ಟಿಗೆಗೂ ಇಷ್ಟು ಕಳೆ, ಇಷ್ಟು ಕೂಡು ಎಂದು ತಿದ್ದುಪಡಿ ಬರೆಯಬೇಕು. ಆಮೇಲಷ್ಟೇ ಅವು ಬೀದಿಗೆ ಇಳಿಯಬೇಕು. ಇದು ನಿಯಮ.

ತಾರಸಿಯಲ್ಲಿ ಬಿಸಿಲಿತ್ತು, ಪಾರಿವಾಳಗಳಿದ್ದವು. ಹೊಸ ಪೆಟ್ಟಿಗೆಗಳು ಕಾರ್ಖಾನೆಯಲ್ಲೇ ಬುದ್ಧಿ ಕಲಿತು ಬಂದಿರುತ್ತವೆ ಎಂದು ಅಳತೆರಾಯರು ತೀರ್ಮಾನಿಸಿ ಅವನ್ನು ಕಪಾಟಿನಲ್ಲಿಟ್ಟಿದ್ದರು. ಸಭೆಯ ಮರುದಿನ ಅವುಗಳಲ್ಲಿ ಒಂದು ಅವರ ಚೀಲದಲ್ಲಿ ಮನೆಗೆ ಬಂದಿತು. ಬಾಲ್ಕನಿಯ ಕಂಬಿಗೆ, ಬೀದಿಗೆ ಮುಖ ಮಾಡಿ, ಜಂಬದಿಂದ ಕಟ್ಟಿಸಿಕೊಂಡಿತು.

ಅಂಕಿ ಮೂಡಿತು. ನಾನೂರ ಹನ್ನೆರಡು.

ಇಲಾಖೆಯ ಪ್ರಕಾರ ಅರವತ್ತು ದಾಟಿದರೆ ಗಾಳಿ ಕೆಟ್ಟಿತೆಂದು ಅರ್ಥ.

*

ಭಯ ಮೆಟ್ಟಿಲಿಳಿಯಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಮಧ್ಯಾಹ್ನದೊಳಗೆ ಕಟ್ಟಡದ ಕಿಟಕಿಗಳೆಲ್ಲ ಮುಚ್ಚಿದವು. ಮೊದಲನೇ ಮಹಡಿಯ ಸಂಗೀತದ ಟೀಚರ್ ತಮ್ಮ ಶಿಷ್ಯೆಯರಿಗೆ ಮೇಲಿನ ಸ್ವರಗಳನ್ನು ನಿಷೇಧಿಸಿದರು. "ಉಸಿರು ಉದ್ದ ಎಳೆದಷ್ಟೂ ಧೂಳು ಜಾಸ್ತಿ ಒಳಗೆ ಹೋಗುತ್ತೆ. ಸದ್ಯಕ್ಕೆ ಎಲ್ಲಾ ಕೆಳಗೇ ಹಾಡ್ಕೊಳ್ಳಿ" ಎಂದರು. ಕಾರ್ಯದರ್ಶಿಗಳು ಮೂಗಿಗೆ ಎರಡು ಕರವಸ್ತ್ರ ಕಟ್ಟಿಕೊಂಡು ಬೀದಿಯ ಆಚೆ ನಿಂತರು, ಕೈಯಲ್ಲಿ ದುರ್ಬೀನು.

ಕಾರ್ಯದರ್ಶಿಗಳು ನಿವೃತ್ತ ಲೆಕ್ಕಪರಿಶೋಧಕರು. ಅಂಕಿಯೊಂದು ಏರಿಳಿದರೆ ಅದರ ಹಿಂದೆ ಅಪರಾಧಿಯೊಬ್ಬ ಇದ್ದೇ ಇರುತ್ತಾನೆಂಬುದು ಅವರ ಜೀವಮಾನದ ನಂಬಿಕೆ. ಈ ಅಂಕಿ ಬೆಳಿಗ್ಗೆ ಏರುತ್ತಿತ್ತು, ಊಟದ ಹೊತ್ತಿಗೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ದುರ್ಬೀನು ನಿಧಾನವಾಗಿ ಬಾಲ್ಕನಿಯಿಂದ ಕೆಳಗಿಳಿಯಿತು. ಎರಡನೇ ಮಹಡಿ, ಮೊದಲನೇ ಮಹಡಿ, ಕೊನೆಗೆ ನೆಲಮಹಡಿಯ ಗೋಡೆಯಿಂದ ಚಾಚಿ ಬುಸುಬುಸು ಬಿಳಿಯ ಹೊಗೆಯಂಥದ್ದನ್ನು ಉಗುಳುತ್ತಿದ್ದ ಕೊಳವೆಯ ಮೇಲೆ ನಿಂತಿತು.

"ಸಿಕ್ಕಿತು! ಲಾಂಡ್ರಿ!"

ಆ ಲಾಂಡ್ರಿ ಅಳತೆರಾಯರ ಅಕ್ಕನದು. ತಂದೆತಾಯಿ ಬೇಗ ಹೋದ ಮನೆಯಲ್ಲಿ ತಮ್ಮನನ್ನು ಓದಿಸಿ, ಉದ್ಯೋಗಕ್ಕೆ ಹತ್ತಿಸಿ, ಮದುವೆ ಮಾಡಿಸಿ, ಇವತ್ತಿಗೂ ಅವರ ಅಂಗಿಗೆ ಗರಿಗರಿ ಇಸ್ತ್ರಿ ಹಾಕಿ ಮೇಲಕ್ಕೆ ಕಳುಹಿಸುತ್ತಿದ್ದ ಅಕ್ಕ. ಒಂದು ಕರೆಂಟಿನ ಬಾಯ್ಲರು, ಎರಡು ಇಸ್ತ್ರಿ ಮೇಜು, ಉದ್ದನೆಯ ಬಟ್ಟೆ ತಂತಿ. ಆಕೆಗೆ ಬೇರೆ ಆಸರೆ ಇರಲಿಲ್ಲ.

ಸಂಜೆ ಕಾರ್ಯದರ್ಶಿಗಳು ಇಲಾಖೆಗೆ ಸಲ್ಲಿಸುವ ಮನವಿಯೊಂದನ್ನು ಹಿಡಿದು ಮೂರನೇ ಮಹಡಿಗೆ ಬಂದರು. ಅಳತೆರಾಯರು ಅದರ ಅಡಿಯಲ್ಲಿದ್ದ ಒಂದೇ ಒಂದು ಪದವನ್ನು ಓದಿದರು: ತಜ್ಞರು. ಆ ಪದದ ಪಕ್ಕದಲ್ಲಿ ಒಂದು ಖಾಲಿ ಜಾಗ ಅವರಿಗಾಗಿಯೇ ಕಾದಿತ್ತು. ಸಹಿ ಹಾಕಿದರು. ಕಾರ್ಯದರ್ಶಿಗಳು ಅವರ ಹೆಂಡತಿಯ ಕಡೆಗೆ ತಿರುಗಿ, "ಯಜಮಾನರ ಯಂತ್ರದ ಮೇಲೆ ನಿಮಗೆ ನಂಬಿಕೆ ಇದೆ ತಾನೇ?" ಎಂದು ಕೇಳಿದಾಗ, ಹೊರಗಿನವರೆದುರು ಇಲ್ಲವೆನ್ನಲಾಗದೆ ಆಕೆಯೂ ಸಹಿ ಹಾಕಿದರು.

ಬಾಗಿಲು ಮುಚ್ಚಿದ ಮೇಲೆ ಆಕೆ ಕೇಳಿದರು, "ರೀ, ಅದರಲ್ಲಿ ಏನು ಬರೆದಿತ್ತು?"

"ತಜ್ಞರು ಅಂತ ಬರೆದಿತ್ತು."

"ಅದು ಕೆಳಗೆ. ಮೇಲೆ?"

ಅಳತೆರಾಯರು ಮೇಲಿನದನ್ನು ನೆನಪಿಸಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ನೆನಪಾಗಲಿಲ್ಲ. ಆ ಕೆಲಸವನ್ನು ಮರುದಿನ ಅಕ್ಕ ಮಾಡಿಕೊಟ್ಟರು. ಕಾರ್ಯದರ್ಶಿಗಳು ತಂದುಕೊಟ್ಟ ಪ್ರತಿಯನ್ನು ಹಿಡಿದು ಮೂರು ಮಹಡಿ ಹತ್ತಿಬಂದಿದ್ದ ಆಕೆ ಬಾಗಿಲಲ್ಲೇ ನಿಂತು, ಏರುತ್ತಿದ್ದ ಉಸಿರಿನ ನಡುವೆ ಓದಿದರು: "ಸದರಿ ಲಾಂಡ್ರಿಯು ವಿಷಯುಕ್ತ ಧೂಳನ್ನು ಹೊರಬಿಡುತ್ತಿರುವುದಾಗಿ ತಜ್ಞರು ದೃಢಪಡಿಸಿದ್ದು, ಅದನ್ನು ಕೂಡಲೇ ಮುಚ್ಚಿಸಬೇಕಾಗಿ ಪ್ರಾರ್ಥನೆ. ಕೆಳಗೆ ನಿನ್ನ ಸಹಿ. ಬಾಲ ಎಳೆದು ಚೆನ್ನಾಗಿ ಹಾಕಿದ್ದೀಯ."

"ಅಕ್ಕಾ, ಅದು..."

"ಅದರ ಪಕ್ಕದಲ್ಲಿ ನಿನ್ನ ಹೆಂಡತಿದು."

"ಅತ್ತಿಗೆ, ನಾನು ಇವರನ್ನ ನಂಬಿ..." ಎಂದರು ಒಳಗಿನಿಂದ ಹೆಂಡತಿ.

"ನಂಬಿದ್ದೇ ತಪ್ಪಮ್ಮಾ" ಎಂದು ಹೇಳಿ ಅಕ್ಕ ಇಳಿದುಹೋದರು. ಆ ದಿನ ಅಳತೆರಾಯರ ಅಂಗಿ ಮೇಲಕ್ಕೆ ಬರಲಿಲ್ಲ.

*

ತಪ್ಪೆಲ್ಲಿದೆಯೆಂದು ಅಳತೆರಾಯರಿಗೆ ಗೊತ್ತಾದದ್ದು ಸ್ನಾನದ ಮನೆಯಲ್ಲಿ. ಪೆಟ್ಟಿಗೆಯನ್ನು ಅವರು ಕೋಪದಿಂದ ಬಿಚ್ಚಿ ತಂದು, ಯೋಚಿಸುತ್ತ ಬಿಸಿನೀರಿನ ಬಕೆಟ್ಟಿನ ಪಕ್ಕದಲ್ಲಿಟ್ಟಿದ್ದರು. ಅಂಕಿ ಐನೂರಕ್ಕೆ ಹಾರಿತು. ಬಕೆಟ್ಟಿನಲ್ಲಿ ಧೂಳಿರಲಿಲ್ಲ; ಹಬೆಯಿತ್ತು. ಬೆಳಕಿಗೆ ಅಡ್ಡ ಬಂದದ್ದು ನೀರಿನ ಹನಿಯೋ ಧೂಳಿನ ಕಣವೋ ಎಂದು ಪೆಟ್ಟಿಗೆ ವಿಚಾರಿಸುವುದಿಲ್ಲ. ಎಲ್ಲವನ್ನೂ ಧೂಳಿನ ಖಾತೆಗೇ ಹಾಕಿಬಿಡುತ್ತದೆ. ದೊಡ್ಡಪ್ಪನ ಪಕ್ಕದಲ್ಲಿ ಕೂತಿದ್ದರೆ ಈ ಗುಟ್ಟು ಮೊದಲ ದಿನವೇ ಬಯಲಾಗುತ್ತಿತ್ತು.

ಅವರು ಅರ್ಧ ಒದ್ದೆಯಾಗಿಯೇ ಕಾರ್ಯದರ್ಶಿಗಳ ಮನೆಗೆ ಓಡಿದರು.

"ಅದು ಬರೀ ಹಬೆ ಸಾರ್! ನೀರು! ಪೆಟ್ಟಿಗೆಗೆ ಗೊತ್ತಾಗಲಿಲ್ಲ!"

ಕಾರ್ಯದರ್ಶಿಗಳು ಎರಡೂ ಕರವಸ್ತ್ರಗಳನ್ನು ಗಲ್ಲಕ್ಕೆ ಇಳಿಸಿ ಶಾಂತವಾಗಿ ಹೇಳಿದರು, "ಸುಳ್ಳು ಹೇಳೋ ಯಂತ್ರವೇ ಅಲ್ಲ ಅಂದಿದ್ರಿ. ದೂರು ಅಕ್ಕನ ಅಂಗಡಿ ಮೇಲೆ ಅಂತ ಗೊತ್ತಾದ ಕೂಡಲೇ ಧೂಳು ನೀರಾಯ್ತಾ ಅಳತೆರಾಯರೇ?"

ಈ ಹಂತದಲ್ಲಿ ವಿವೇಕಿಯಾದವನು ಮೇಲಧಿಕಾರಿಣಿಯ ಬಳಿ ಹೋಗಿ ನಡೆದದ್ದನ್ನು ಹೇಳುತ್ತಿದ್ದ. ಅಳತೆರಾಯರು ಕಪಾಟಿನ ಬಳಿ ಹೋದರು. ಉಳಿದ ಹನ್ನೊಂದು ಪೆಟ್ಟಿಗೆಗಳನ್ನೂ ಹೊತ್ತು ತಂದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟರು. ಇವುಗಳಲ್ಲಿ ಒಂದಾದರೂ ಸತ್ಯವಂತ ಇರಲೇಬೇಕು ಎಂಬುದು ಅವರ ಆಸೆ.

ಒಂದೇ ಮೇಜು, ಒಂದೇ ಗಾಳಿ. ಆದರೂ ಹನ್ನೊಂದು ಪೆಟ್ಟಿಗೆಗಳು ಹನ್ನೊಂದು ಮಾತಾಡಿದವು. ಹೆಂಡತಿ ಪಕ್ಕದಲ್ಲಿ ಸುಳಿದರೆ ಕೆಲವು ಏರಿದವು, ಕೆಮ್ಮಿದರೆ ಕೆಲವು ಬೆಚ್ಚಿದವು. ಒಂದು ಮಾತ್ರ ಅಲುಗಲಿಲ್ಲ. ಇಪ್ಪತ್ತೊಂದು. ಬಾಗಿಲು ತೆರೆದರೂ ಇಪ್ಪತ್ತೊಂದು, ಮುಚ್ಚಿದರೂ ಇಪ್ಪತ್ತೊಂದು. ಸುತ್ತಲಿನವರ ಚಾಂಚಲ್ಯವನ್ನು ನೋಡಿಯೂ ನೋಡದಂತೆ ಕುಳಿತಿದ್ದ ಆ ಪೆಟ್ಟಿಗೆಯ ಗಾಂಭೀರ್ಯಕ್ಕೆ ಅಳತೆರಾಯರು ಮನಸೋತರು.

"ನೋಡು, ಇದು ಸಂಭಾವಿತ ಪೆಟ್ಟಿಗೆ" ಎಂದರು ಹೆಂಡತಿಗೆ. "ಯಾರ ಮಾತಿಗೂ ಕುಣಿಯಲ್ಲ."

"ಉಸಿರಾಡ್ತಾ ಇದೆಯಾ ಅಂತ ನೋಡಿದ್ರಾ?"

ಆ ಪ್ರಶ್ನೆಯನ್ನು ಅವರು ಅಸೂಯೆಯೆಂದು ಭಾವಿಸಿ, ಸಂಭಾವಿತನನ್ನು ಬಾಲ್ಕನಿಗೆ ಕಟ್ಟಿಯೇ ಬಿಟ್ಟರು.

ಬೀದಿ ಮೂರು ದಿನ ನೆಮ್ಮದಿಯಾಗಿತ್ತು. ಲಾಂಡ್ರಿಯ ಕೊಳವೆ ಎಷ್ಟೇ ಉಗುಳಲಿ, ಇಪ್ಪತ್ತೊಂದು. ಕಿಟಕಿಗಳು ತೆರೆದವು, ಸಂಗೀತದ ಟೀಚರ್ ಮೇಲಿನ ಸ್ವರಗಳಿಗೆ ಮರಳಿದರು, ಕಾರ್ಯದರ್ಶಿಗಳು ಮನವಿಯನ್ನು ಹಿಂದಕ್ಕೆ ಪಡೆಯುವ ಬಗ್ಗೆ ಯೋಚಿಸುತ್ತೇನೆ ಎನ್ನುವವರೆಗೆ ಬಂದರು. ಆದರೆ ಮೇಲಿನ ಸ್ವರದಲ್ಲಿ ಮೈಮರೆತ ಟೀಚರ್, ಒಲೆಯ ಮೇಲೆ ಬ್ರೆಡ್ಡನ್ನು ಮರೆತರು. ಕಪ್ಪು ಹೊಗೆ ಕಿಟಕಿಯಿಂದ ಹೊರಬಿದ್ದು, ಗೋಡೆಗುಂಟ ಮೇಲೇರಿ, ಅಳತೆರಾಯರ ಬಾಲ್ಕನಿಯನ್ನು ಪೂರ್ತಿ ನುಂಗಿತು. ಬೀದಿಯ ಆಚೆ ದುರ್ಬೀನು ಮೇಲೆದ್ದಿತು. ಹೊಗೆಯ ನಡುವೆ, ಪ್ರಳಯದಲ್ಲೂ ಕದಡದ ಯೋಗಿಯಂತೆ, ಕೆಂಪಾಗಿ ಬೆಳಗುತ್ತಿತ್ತು:

ಇಪ್ಪತ್ತೊಂದು.

ಕಾರ್ಯದರ್ಶಿಗಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು. ಕಂಬಿ ಒರೆಸಿದ ಬಟ್ಟೆಯನ್ನು ಪೆಟ್ಟಿಗೆಯ ಮುಂದೆ ಝಾಡಿಸಿದರು. ಇಪ್ಪತ್ತೊಂದು. ದಿಂಬಿನ ಚೀಲದೊಳಗೆ ತುರುಕಿ ತೆಗೆದರು. ಇಪ್ಪತ್ತೊಂದು. ಕೊನೆಗೆ ಕಿವಿಗಿಟ್ಟುಕೊಂಡರು, ಮುಖ ಬಿಗಿಯಿತು.

"ಇದರ ಫ್ಯಾನೇ ತಿರುಗ್ತಿಲ್ಲ. ಸತ್ತಿದೆ ಸ್ವಾಮಿ ಇದು! ಸತ್ತಿರೋ ಯಂತ್ರ ಕಟ್ಟಿ ಅಕ್ಕನ್ನ ಕಾಪಾಡೋಕೆ ಹೊರಟ್ರಾ?"

ಅಳತೆರಾಯರು ಹೆಂಡತಿಯ ಕಡೆ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

*

ಮಾರನೆಯ ವಾರ ಬೀದಿಯ ತುದಿಯಲ್ಲಿ ಇಲಾಖೆಯ ಲಾರಿ ಕಾಣಿಸಿಕೊಂಡಿತು. ನಾಲ್ಕು ಜನ ಹಗ್ಗ ಹಿಡಿದು ದೊಡ್ಡಪ್ಪನನ್ನು ಇಳಿಸಿ, ಕೊಳವೆಯಿಂದ ಬರುವ ಗಾಳಿ ಬೀದಿಗೆ ಸೇರುವ ಜಾಗದಲ್ಲಿ ನಿಲ್ಲಿಸಿದರು. ಪಕ್ಕದಲ್ಲೊಂದು ಸ್ಟೂಲು, ಸ್ಟೂಲಿನ ಮೇಲೆ ನಾನೂರ ಹನ್ನೆರಡು ಹೇಳಿದ್ದ ಪೆಟ್ಟಿಗೆ. ಮೇಲಧಿಕಾರಿಣಿ ಅಳತೆರಾಯರನ್ನು ಕಂಡು ಒಂದೇ ಮಾತು ಹೇಳಿದರು: "ನಿಮ್ಮ ಹತ್ತಿರ ಆಮೇಲೆ ಮಾತಾಡ್ತೀನಿ."

ಲಾಂಡ್ರಿಗೆ ಬೀಗ ಬಿದ್ದಿತ್ತು. ಅಕ್ಕ ಬೆಳಿಗ್ಗೆಯೇ ರೋಲಿಂಗ್ ಶಟರ್ ಎಳೆದು, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು, ಮೆಟ್ಟಿಲ ಮೇಲೆ ಕುಳಿತಿದ್ದರು. ಮೇಲಧಿಕಾರಿಣಿ ಅವಸರಪಡಲಿಲ್ಲ, ಮುಚ್ಚಿದ ಅಂಗಡಿಯ ಮುಂದೆಯೇ ದೊಡ್ಡಪ್ಪನನ್ನು ಒಂದು ಗಂಟೆ ಓಡಿಸಿದರು. ಬಂದ ಅಂಕಿಯನ್ನು ತಾವೊಬ್ಬರೇ ನೋಡಿ, ಯಾರಿಗೂ ಹೇಳದೆ, ಅಕ್ಕನ ಮುಂದೆ ಬಂದು ನಿಂತರು.

"ಈಗ ಬಾಯ್ಲರ್ ಹಾಕಮ್ಮಾ. ಪೂರ್ತಿ ಹಬೆ ಬರಲಿ. ಅರವತ್ತರ ಒಳಗಿದ್ರೆ ದೂರು ವಜಾ. ದಾಟಿದ್ರೆ ಇವತ್ತೇ ಸೀಲು."

"ಹಾಕಲ್ಲ ಅಂದ್ರೆ?"

"ಅಳೆಯೋಕೆ ಬಿಡಲಿಲ್ಲ ಅಂತ ಬರೀಬೇಕಾಗುತ್ತೆ. ಆಗಲೂ ಸೀಲೇ."

ಸುತ್ತ ಸೇರಿದ್ದ ಜನರ ನಡುವಿನಿಂದ ಅಳತೆರಾಯರು ಮುಂದೆ ಬಂದರು.

"ಅಕ್ಕಾ, ಬಾಯ್ಲರ್ ಹಾಕು."

ಅಕ್ಕ ತಲೆಯೆತ್ತಿ ತಮ್ಮನನ್ನು ನೋಡಿದರು. "ಮೊದಲು ನಾನೂರು ಅಂದೆ. ಆಮೇಲೆ ಇಪ್ಪತ್ತೊಂದು ಅಂದೆ. ಈಗ ಈ ಬೀರು ಎಷ್ಟು ಹೇಳುತ್ತಂತೆ?"

ಅಳತೆರಾಯರ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಒಂದು ಭಾರಿ ಭರವಸೆ ನಾಲಿಗೆಯ ತುದಿಯವರೆಗೂ ಬಂದು ನಿಂತಿತು. ಎದುರಿಗೆ ಅಕ್ಕನ ಕೈ ಕಾಣುತ್ತಿತ್ತು. ಹಬೆಗೆ ಬೆಂದು ಬೆಂದು ಬೆರಳ ಗೆಣ್ಣುಗಳ ಮೇಲೆ ಚರ್ಮ ಬೇರೆಯೇ ಬಣ್ಣಕ್ಕೆ ತಿರುಗಿದ್ದ ಕೈ.

"ಗೊತ್ತಿಲ್ಲ" ಎಂದರು.

"ಏನಂದೆ?"

"ಗೊತ್ತಿಲ್ಲ ಅಕ್ಕಾ. ಹಬೆ ಅಂದ್ರೆ ನೀರೇ, ದೊಡ್ಡಪ್ಪ ಅದನ್ನ ಒಣಗಿಸಿಬಿಡ್ತಾನೆ. ಆದ್ರೆ ಬಟ್ಟೆಯಿಂದ ನೂಲಿನ ಧೂಳೂ ಏಳುತ್ತಲ್ಲ, ಅದು ಎಷ್ಟು ಹೊರಗೆ ಬರುತ್ತೆ ಅಂತ ನಾನು ಯಾವತ್ತೂ ಅಳೆದಿಲ್ಲ. ಅರವತ್ತು ದಾಟಲ್ಲ ಅನ್ಸುತ್ತೆ. ದಾಟಿದ್ರೂ ದಾಟಬಹುದು."

ಅಕ್ಕ ತಮ್ಮನ ಮುಖವನ್ನು ಬಹಳ ಹೊತ್ತು ನೋಡಿದರು. ಎಲ್ಲೋ ಕೈತಪ್ಪಿದ ಬಟ್ಟೆಯೊಂದು ಗಂಟಿನಲ್ಲಿ ಸಿಕ್ಕಿದಾಗ ನೋಡುವ ಹಾಗೆ.

"ಮಾತು ಕಲಿತಾಗಿಂದ ನಿನ್ನ ಮಾತನ್ನ ನಾನು ಹಾಗ್‌ಹಾಗೇ ತಗೊಂಡಿದ್ದಿಲ್ಲ. ಪರೀಕ್ಷೇಲಿ ಎಂಬತ್ತು ಬರುತ್ತೆ ಅಂದ್ರೆ ನಲವತ್ತು ಅಂದ್ಕೊಳ್ತಿದ್ದೆ. ಈಗ ಬಂದೆ ಅಂದ್ರೆ ಊಟಕ್ಕೆ ಮುಚ್ಚಳ ಹಾಕಿಡ್ತಿದ್ದೆ. ಇವತ್ತೇ ನೋಡು, ಕಳೆಯೋಕೆ ಏನೂ ಸಿಗ್ತಿಲ್ಲ."

ಎದ್ದರು. ಬೀಗ ತೆಗೆದರು. ಶಟರ್ ದಡದಡನೆ ಮೇಲೇರಿತು.

ಬಾಯ್ಲರು ಕಾದಿತು. ಅಕ್ಕ ಅಂದಿನ ಬಟ್ಟೆಗಳ ಜೊತೆ ನಾಳೆಯದನ್ನೂ ಇಸ್ತ್ರಿಗೆ ಎಳೆದುಕೊಂಡರು. ಕಡಿಮೆ ಹಬೆ ಬಿಟ್ಟು ಗೆದ್ದಳೆಂಬ ಮಾತು ಬರಬಾರದು ಎಂಬಂತೆ ತಂತಿಯ ತುಂಬ ಕಂಬಳಿಗಳನ್ನು ಹರವಿದರು. ಬಿಳಿಯ ಮೋಡ ಬೀದಿಗಿಳಿಯಿತು. ಸ್ಟೂಲಿನ ಮೇಲಿನ ಪೆಟ್ಟಿಗೆ ನಾನೂರು ದಾಟಿತು, ಐನೂರು ದಾಟಿತು. ಜನ ಅದನ್ನು ನೋಡಿ ಹಿಂದೆ ಸರಿದರು. ದೊಡ್ಡಪ್ಪ ಗುಂಯ್ ಎನ್ನುತ್ತ ನಿಂತಿದ್ದ. ಗಂಟೆ ತುಂಬುವವರೆಗೆ ಅವನು ಏನನ್ನೂ ಹೇಳುವುದಿಲ್ಲ. ಅಳತೆರಾಯರು ಗಡಿಯಾರವನ್ನು ನೋಡುವುದನ್ನು ಬಿಟ್ಟು, ಅಂಗಡಿಯ ಒಳಗೆ ಹೋಗಿ, ಕೇಳದೆಯೇ ಕಂಬಳಿಯ ಇನ್ನೊಂದು ತುದಿಯನ್ನು ಹಿಡಿದುಕೊಂಡರು. ಅಕ್ಕ ಬೇಡವೆನ್ನಲಿಲ್ಲ.

ಹೊರಗೆ ಕಾಗದದ ಪಟ್ಟಿ ಟಿಕ್ ಎಂದು ಸರಿಯಿತು.

ಮೇಲಧಿಕಾರಿಣಿ ಕನ್ನಡಕ ಹಾಕಿಕೊಂಡರು. ಅಂಕಿಯನ್ನು ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಐವತ್ತೇಳು."

"ಮೂರೇ ಮೂರು ಕಡಿಮೆ!" ಎಂದು ಕೂಗಿದರು ಕಾರ್ಯದರ್ಶಿಗಳು. "ಇದು ಶುದ್ಧ ಗಾಳಿಯಾ ಮೇಡಂ? ಐವತ್ತೇಳು ಕಮ್ಮಿ ಆಯ್ತಾ?"

"ಕಮ್ಮಿ ಅಲ್ಲ" ಎಂದರು ಮೇಲಧಿಕಾರಿಣಿ. "ಆದ್ರೆ ಅಂಗಡಿ ಮುಚ್ಚಿದ್ದಾಗಲೂ ಒಂದು ಗಂಟೆ ಅಳೆದೆನಲ್ಲ, ಆಗ ಐವತ್ತೈದಿತ್ತು. ಲಾಂಡ್ರಿದು ಎರಡು. ಉಳಿದ ಐವತ್ತೈದು ಈ ಬೀದೀದು, ನಮ್ಮೆಲ್ಲರ ಗಾಡಿಗಳದು. ಅದಕ್ಕೆ ಯಾರ ಬಾಗಿಲಿಗೆ ಸೀಲು ಹಾಕಲಿ, ನೀವೇ ಹೇಳಿ."

ನಿಂತಿದ್ದವರಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಸ್ಕೂಟರಿನ ಕಡೆಗೆ ನೋಡಿ, ಬೇರೆಯವರು ನೋಡಿದರೇ ಎಂದು ನೋಡಿದರು. ಕಾರ್ಯದರ್ಶಿಗಳು ಬೆರಳನ್ನು ಎತ್ತಲು ಹೋಗಿ, ಯಾರ ಕಡೆಗೆ ತೋರಿಸುವುದೆಂದು ತಿಳಿಯದೆ, ಅದನ್ನು ಜೇಬಿಗೆ ಹಾಕಿಕೊಂಡರು.

ಮೇಲಧಿಕಾರಿಣಿ ಕೊಳವೆಯ ಬಾಯಿಗೊಂದು ಬಲೆ ಕಟ್ಟಬೇಕೆಂದು ಅಕ್ಕನಿಗೆ ಹೇಳಿ, ಅಳತೆರಾಯರತ್ತ ತಿರುಗಿದರು. ಕಾದಿದ್ದ 'ಆಮೇಲೆ' ಬಂದಿತ್ತು.

"ತಾರಸಿ ನಿಮಗೆ ಆಗಲ್ಲ ಅಲ್ವಾ? ಸರಿ. ದೊಡ್ಡಪ್ಪ ಇಲ್ಲೇ ಇರ್ತಾನೆ. ಹಬೆ ಇದೆ, ಧೂಳಿದೆ, ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ. ಸತ್ತಿರೋದನ್ನ ರಿಪೇರಿಗೆ ಕಳಿಸಿ. ಉಳಿದ ಹನ್ನೊಂದನ್ನೂ ಇಲ್ಲೇ ಕಟ್ಟಿ. ಒಂದೊಂದು ಎಷ್ಟು ತಪ್ಪು ಹೇಳುತ್ತೆ ಅಂತ ಗೊತ್ತಾಗೋವರೆಗೂ ನೀವೂ ಇಲ್ಲೇ ಕೂರಬೇಕು."

ಹೀಗೆ ಆ ಲಾಂಡ್ರಿಯ ತಂತಿಯ ಮೇಲೆ ಅಂಗಿ, ಪೆಟ್ಟಿಗೆ, ಅಂಗಿ, ಪೆಟ್ಟಿಗೆ ಎಂದು ಸಾಲು ಮೂಡಿತು. ಗಿರಾಕಿಗಳು ತಮ್ಮ ಬಟ್ಟೆಯನ್ನು ಪಡೆಯಲು ಬಂದವರು ಹನ್ನೊಂದು ಕೆಂಪು ಅಂಕಿಗಳನ್ನು ದಾಟಿ ಹೋಗಬೇಕಾಯಿತು. ಯಾವುದನ್ನು ನಂಬಬೇಕು ಎಂದು ಕೇಳಿದವರಿಗೆ ಅಳತೆರಾಯರು, ಸದ್ಯಕ್ಕೆ ಯಾವುದನ್ನೂ ಅಲ್ಲ, ಎಂದು ಗಂಭೀರವಾಗಿ ಉತ್ತರಿಸಿದರು.

ಕೊನೆಯ ಪೆಟ್ಟಿಗೆಗೆ ಅಕ್ಕ ತಾವೇ ಕ್ಲಿಪ್ಪು ಸಿಕ್ಕಿಸಿದರು. "ಇದಕ್ಕೆ ಎಷ್ಟು ಕಳೀಬೇಕು?"

"ಹೇಳ್ತೀನಿ ಅಕ್ಕಾ. ಮೂರು ವಾರ ಹಿಡಿಯುತ್ತೆ, ಅಷ್ಟೆ."

ಅಕ್ಕ ಅಂಗಡಿಯ ಒಳಕ್ಕೆ ತಿರುಗಿ, ಅಲ್ಲಿ ಕಂಬಳಿ ಮಡಿಸುತ್ತಿದ್ದ ತಮ್ಮನ ಹೆಂಡತಿಯನ್ನು ಕೂಗಿದರು.

"ಏನಮ್ಮಾ, ಇವನಿಗೆ ಒಂದು ಕುರ್ಚಿ ಹಾಕು. ಎರಡು ತಿಂಗಳು ಇಲ್ಲೇ ಇರ್ತಾನೆ."